ಕ್ಲಚ್ಚಿಲ್ಲದ ಗೇರು, ಅಮಾವಾಸ್ಯೆಯ ಬಿಕ್ಕಳಿಕೆ

ಐಟಿಐ ಮುಗಿಸಿದ ಹುಡುಗರು ಈಗಲೂ ಮನೆ ಹತ್ತಿರ ಬಂದು ಕೇಳುವುದುಂಟು: “ಸಾರ್, ಟೂ ವೀಲರ್ ಮೆಕ್ಯಾನಿಕ್ ಆಗೋಕೆ ಮುಖ್ಯವಾಗಿ ಏನ್ ಕಲೀಬೇಕು?” ಇಂಜಿನ್ನಿನ ಯಾವುದೋ ರಹಸ್ಯವನ್ನು ನಾನು ಕಿವಿಯಲ್ಲಿ ಉಸುರುತ್ತೇನೆಂದು ಅವರ ನಿರೀಕ್ಷೆ. ನಾನು ಗಂಭೀರವಾಗಿ “ಕನ್ನಡ” ಎನ್ನುತ್ತೇನೆ. ಮುದುಕನಿಗೆ ನಿವೃತ್ತಿ ತಲೆಗೇರಿದೆ ಎಂದುಕೊಂಡು ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ.

ಆದರೆ ಮಾತು ನಿಜ. ಗಾಡಿ ಬಾಯಿ ಬಿಟ್ಟು ಹೇಳುವುದಿಲ್ಲ. ಅದರ ಪರವಾಗಿ ಮಾಲೀಕ ಹೇಳುತ್ತಾನೆ. ಹೊಸದುರ್ಗದ ಕಡೆಯವನು “ಗಾಡಿ ಕೆಮ್ತೈತೆ” ಎಂದರೆ ಏರ್ ಫಿಲ್ಟರ್ ಬಿಚ್ಚಿ ನೋಡಬೇಕು. ಹೊಳಲ್ಕೆರೆಯ ಅಡಿಕೆ ಮಂಡಿಯವರು “ಎಳೆತ ಇಲ್ಲ ಕಣ್ರಿ” ಎಂದರೆ ಕ್ಲಚ್ ಪ್ಲೇಟ್ ಸವೆದಿದೆ. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ “ಯಾಕೋ ಬೆಳಿಗ್ಗೆ ಬೆಳಿಗ್ಗೆ ಮುನಿಸ್ಕಂತೈತೆ” ಎಂದರೆ ಬ್ಯಾಟರಿ. “ಮೊದಲಿನಂಗಿಲ್ಲ” ಎಂದು ಸುಮ್ಮನಾಗಿಬಿಟ್ಟರೆ ಮಾತ್ರ ಕಷ್ಟ. ಅದು ಗಾಡಿಯ ಬಗ್ಗೆಯೋ, ಊರಿನ ಬಗ್ಗೆಯೋ, ತನ್ನ ಬಗ್ಗೆಯೋ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ನಾನು ಯಾವಾಗ ಹೆಲ್ಪರ್ ಆದೆ, ಯಾವಾಗ ಮೆಕ್ಯಾನಿಕ್, ಯಾವಾಗ ಸೂಪರ್‌ವೈಸರ್ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪ್ರತಿ ಸಲವೂ ಅಂಗಿಯ ಬಣ್ಣ ಬದಲಾಯಿತು, ಕೈಯ ಬಣ್ಣ ಬದಲಾಗಲಿಲ್ಲ. ಯಾವ ಪದವಿ ಕೊಟ್ಟರೂ ಜನ ಕರೆದದ್ದು “ಮೇಸ್ತ್ರಿ” ಎಂದೇ. ಬರೆಯಬೇಕಾದದ್ದು ಕ್ಲಚ್ಚಿನ ವಿಷಯ. ನಾನು ಕೆಲಸಕ್ಕೆ ಸೇರಿದಾಗ ಕ್ಲಚ್ ಹಿಡಿಯದೆ ಗೇರ್ ಹಾಕಿದವನ ಕಪಾಳಕ್ಕೆ ಬೀಳುತ್ತಿತ್ತು. ನಾನು ಕೆಲಸ ಬಿಡುವ ಹೊತ್ತಿಗೆ, ಕ್ಲಚ್ ಹಿಡಿಯದೆ ಗೇರ್ ಹಾಕಬಹುದಾದ ಬೈಕಿಗೆ ಜನ ಮುಂಗಡ ಕೊಟ್ಟು ಕಾಯುತ್ತಿದ್ದರು. ಮಾಡುವ ಕೆಲಸ ಅದೇ. ಏಟಿನ ಜಾಗಕ್ಕೆ ಮಾತ್ರ ಗೌರವ ಬಂದಿತ್ತು.

ಕಪಾಳಕ್ಕೆ ಕೊಡುತ್ತಿದ್ದವರು ಹೊಸದುರ್ಗದ ರಸೂಲ್ ಸಾಬರು. ಬಸ್ ಸ್ಟ್ಯಾಂಡ್ ಹಿಂದೆ ತಗಡಿನ ಗ್ಯಾರೇಜು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಗೇರ್ ಬಾಕ್ಸ್ ‘ಕಟ್’ ಎಂದು ಸದ್ದು ಮಾಡಿತೋ, ಅವರು ಎಲ್ಲಿದ್ದರೂ ಅವರ ಅಂಗೈ ನಿಮ್ಮ ಹತ್ತಿರ ಬರುತ್ತಿತ್ತು. “ಹಲ್ಲು ಮುರೀತಿಯಲ್ಲೋ ಅದರದ್ದು! ನಿನ್ನ ಹಲ್ಲು ಮುರಿದ್ರೆ ಹೆಂಗಿರ್ತದೆ?” ಎಂದು ಕೇಳುತ್ತಿದ್ದರು. ಪ್ರಶ್ನೆಗೆ ಉತ್ತರ ಬೇಕಾಗಿರಲಿಲ್ಲ.

ಒಂದು ಸಲ ಗಿರಾಕಿಯೊಬ್ಬರ ಗಾಡಿಯನ್ನು ಹೊಳಲ್ಕೆರೆಯಿಂದ ತರಲು ಇಬ್ಬರೂ ಹೋಗಿದ್ದೆವು. ಬರುವಾಗ ಅರ್ಧ ದಾರಿಯಲ್ಲಿ ಕ್ಲಚ್ ಕೇಬಲ್ ಕಡಿದುಹೋಯಿತು. ತಳ್ಳಿಕೊಂಡೇ ಹೋಗಬೇಕಲ್ಲ ಎಂದು ನಾನು ಪ್ಯಾಂಟು ಮಡಚಿದೆ. ಉಸ್ತಾದ್ ಗಾಡಿ ಇಳಿಯಲೇ ಇಲ್ಲ. “ನೂಕು” ಎಂದರು. ನೂಕಿದೆ. ಗಾಡಿ ಓಡತೊಡಗಿದಾಗ ಗೇರಿಗೆ ಹಾಕಿ ಇಂಜಿನ್ ಎಬ್ಬಿಸಿದರು. ನಾನು ಓಡಿಬಂದು ಹಿಂದೆ ಹಾರಿ ಕೂತೆ. ಆಮೇಲೆ ನೋಡಿದ್ದು ನನ್ನ ಕಣ್ಣಿಗೇ ನಂಬಿಕೆಯಾಗಲಿಲ್ಲ. ಕ್ಲಚ್ಚಿನ ಹಂಗಿಲ್ಲದೆ ಎರಡನೇ ಗೇರು, ಮೂರನೇ ಗೇರು, ನಾಲ್ಕನೇ ಗೇರು. ಒಂದಕ್ಕೂ ‘ಕಟ್’ ಎಂಬ ಸದ್ದಿಲ್ಲ.

“ಉಸ್ತಾದ್, ನಾವು ಹಿಂಗೆ ಮಾಡಿದ್ರೆ ಹೊಡೀತೀರಿ.”

“ತಿಳೀದೆ ಮಾಡಿದ್ರೆ ತಪ್ಪು ಕಣೋ. ತಿಳ್ಕಂಡು ಮಾಡಿದ್ರೆ ವಿದ್ಯೆ. ಕೇಬಲ್ ಕಡದ್ಮೇಲೆ ಮಾಡಿದ್ರೆ ಗತಿ ಇಲ್ಲ ಅಂತ.”

ವಿದ್ಯೆ ಇಷ್ಟೇ. ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಜಗ್ಗುತ್ತಿರುವಾಗ ಗಂಟು ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ಅದೇ ಎತ್ತು ಒಂದು ಹೆಜ್ಜೆ ಗೂಟದ ಕಡೆ ಬಂತೋ, ಹಗ್ಗ ಸಡಿಲ. ಗಂಟು ಎರಡು ಬೆರಳಿಗೆ ಬಿಚ್ಚಿಕೊಳ್ಳುತ್ತದೆ. ಇಂಜಿನ್ ಚಕ್ರವನ್ನು ಜಗ್ಗುತ್ತಿರುವಾಗ ಗೇರಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಆಕ್ಸಿಲರೇಟರನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಬಿಟ್ಟು, ಅದೇ ಹೊತ್ತಿಗೆ ಕಾಲಿನಿಂದ ಗೇರ್ ಒತ್ತಿದರೆ ಹಲ್ಲು ತಾನಾಗಿ ಜಾರಿ ಮುಂದಿನದಕ್ಕೆ ಕೂರುತ್ತದೆ. ಮುಂಚೆ ಬಿಟ್ಟರೂ ಕೆಟ್ಟಿತು, ತಡವಾಗಿ ಬಿಟ್ಟರೂ ಕೆಟ್ಟಿತು.

ಉಸ್ತಾದರ ಇನ್ನೊಂದು ಪಾಠವನ್ನೂ ಇಲ್ಲೇ ಹೇಳಿಬಿಡಬೇಕು, ಮುಂದೆ ಅದು ಬೇಕಾಗುತ್ತದೆ. ನಮ್ಮಲ್ಲೊಬ್ಬ ಸಹೋದ್ಯೋಗಿ, ಹ್ಯಾಂಡಲ್ಲಿಗೆ ಕಟ್ಟಿದ್ದ ಒಣಗಿದ ನಿಂಬೆಹಣ್ಣನ್ನು ಕೆಲಸಕ್ಕೆ ಅಡ್ಡವೆಂದು ಕಿತ್ತು ಚರಂಡಿಗೆ ಎಸೆದ. ಮರುದಿನ ಆ ಗಿರಾಕಿ ಗಾಡಿಯಿಂದ ಬಿದ್ದು ಮೊಣಕಾಲು ತರಚಿಕೊಂಡ. ಸಂಜೆ ಅವನ ಮನೆಯವರೆಲ್ಲ ಗ್ಯಾರೇಜಿನ ಮುಂದೆ. ನಿಂಬೆಹಣ್ಣಿಗೂ ಮೊಣಕಾಲಿಗೂ ಸಂಬಂಧವಿಲ್ಲವೆಂದು ಸಾಬೀತು ಮಾಡುವಷ್ಟು ತರ್ಕಶಾಸ್ತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ಉಸ್ತಾದರ ಶಾಸನ: ಗಾಡಿಯ ಮೇಲಿನ ಕುಂಕುಮ, ನಿಂಬೆಹಣ್ಣು, ದಾರ, ತಾಯತ ಯಾವುದನ್ನೂ ಮುಟ್ಟತಕ್ಕದ್ದಲ್ಲ. “ಅದು ಅವರ ಮನೆ ವಿಷ್ಯ. ನಮ್ಮ ಪಾನಾ, ಸ್ಪ್ಯಾನರ್ರು ಅಲ್ಲಿಗೆ ಹೋಗಂಗಿಲ್ಲ” ಎಂದರು. ಚಿತ್ರದುರ್ಗದ ಶೋರೂಮಿಗೆ ಬಂದ ಮೇಲೆ ನಾನು ಈ ಶಾಸನವನ್ನು ಹುಡುಗರಿಗೆ ಅಕ್ಷರಶಃ ದಾಟಿಸಿದೆ. ಕಂಪನಿಯ ದಪ್ಪ ಮ್ಯಾನುಯಲ್ಲಿನಲ್ಲಿ ಇಲ್ಲದ ಒಂದೇ ಒಂದು ನಿಯಮವೆಂದರೆ ಅದು. ನಮ್ಮ ವರ್ಕ್‌ಶಾಪಿನಲ್ಲಿ ತಪ್ಪದೆ ಪಾಲನೆಯಾಗುತ್ತಿದ್ದ ನಿಯಮವೂ ಅದೊಂದೇ.

ಕ್ವಿಕ್‌ಶಿಫ್ಟರ್ ಎಂಬ ಹೆಸರನ್ನು ನಮಗೆ ಮೊದಲು ಹೇಳಿದವರು ಕಂಪನಿಯ ಏರಿಯಾ ಇಂಜಿನಿಯರ್ ವಿವೇಕ್. ಲ್ಯಾಪ್‌ಟಾಪು, ಇಸ್ತ್ರಿ ಮುರಿಯದ ಅಂಗಿ, ನೀರಿನ ಬಾಟಲಿ. ಒಳ್ಳೆಯ ಹುಡುಗ. ಒಂದು ಸ್ಪೋರ್ಟ್ ಬೈಕನ್ನು ಸ್ಟ್ಯಾಂಡಿಗೇರಿಸಿ, ಗೇರ್ ಪೆಡಲ್ಲಿನಿಂದ ಗೇರ್ ಬಾಕ್ಸಿಗೆ ಹೋಗುವ ಬೆರಳು ಗಾತ್ರದ ಸರಳನ್ನು ತೋರಿಸಿದರು. ಆ ಸರಳಿನಲ್ಲಿ ಒಂದು ಸೆನ್ಸರ್ ಇರುತ್ತದೆ. ಕಾಲು ಪೆಡಲ್ಲನ್ನು ಎತ್ತಿದ ಕೂಡಲೇ ಆ ಒತ್ತಡವನ್ನು ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಇಂಜಿನ್ನಿನ ಕಿಡಿಯನ್ನು ನಿಲ್ಲಿಸುತ್ತದೆ. ಗೇರು ಜಾರುತ್ತದೆ. ಆಕ್ಸಿಲರೇಟರ್ ಬಿಡಬೇಕಾಗಿಲ್ಲ, ಕ್ಲಚ್ ಹಿಡಿಯಬೇಕಾಗಿಲ್ಲ. ಗೇರು ಇಳಿಸುವಾಗ ಕಂಪ್ಯೂಟರೇ ಇಂಜಿನ್ನಿನ ವೇಗವನ್ನು ಒಂದು ಗುಟುಕು ಏರಿಸಿಕೊಡುತ್ತದೆ.

“ಎನಿ ಡೌಟ್ಸ್?” ಎಂದರು.

“ಎತ್ತು ಒಂದು ಹೆಜ್ಜೆ ಮುಂದೆ ಬಂತು” ಎಂದೆ.

“ಯಾವ ಎತ್ತು ಸಾರ್?”

ನಾನು ವಿವರಿಸಿದೆ. ವಿವೇಕ್ ಅದನ್ನು ಮೆಚ್ಚಿ, ಮುಂದಿನ ತಿಂಗಳ ತರಬೇತಿಯಲ್ಲಿ ಎತ್ತಿನ ಚಿತ್ರವನ್ನೇ ಪರದೆಯ ಮೇಲೆ ಹಾಕಿದರು. ಎತ್ತು ಮಾತ್ರ ಬೇರೆ ಯಾವುದೋ ದೇಶದ್ದು. ಅದಕ್ಕೆ ಕೊಂಬೇ ಇರಲಿಲ್ಲ.

ಹೊಸ ವಿದ್ಯೆ ಊರಿಗೆ ಬಂದಾಗ ಮೊದಲು ಬೀಳುವವರು ಉತ್ಸಾಹಿಗಳು. ನಮ್ಮ ಮೊದಲ ಗಿರಾಕಿ ಹೊಸದುರ್ಗದ ಯುವ ಗುತ್ತಿಗೆದಾರ. ಮಾಲೆ ಹಾಕಿ, ಫೋಟೋ ತೆಗೆಸಿಕೊಂಡು, ಗೇಟು ದಾಟಿ ಹೋದವರು ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಮುಂದೆ ಬ್ರೇಕ್ ಹಾಕಿ ಹಾಗೇ ಕೂತರು. ಕ್ಲಚ್ ಬೇಡವೆಂದ ಮೇಲೆ ನಿಲ್ಲಿಸುವಾಗಲೂ ಬೇಡ ಎಂಬುದು ಅವರ ತಿಳುವಳಿಕೆ. ಬೈಕು ಒಮ್ಮೆ ಜಿಗಿದು, ಇಂಜಿನ್ ಆಫ್ ಆಗಿ, ಮಾಲೆಯ ಸಮೇತ ಎಡಕ್ಕೆ ವಾಲಿತು. ಎತ್ತಲು ಹೋದ ನಮ್ಮ ಮೆಕ್ಯಾನಿಕ್ ನಾಗರಾಜನಿಗೆ ಅವರು ಹೇಳಿದ್ದು: “ಬೈಕಿಗೆ ಏನಾಗಿಲ್ಲ ತಾನೆ? ಫೋಟೋ ಸ್ಟೇಟಸ್‌ಗೆ ಹಾಕ್ಬಿಟ್ಟಿದೀನಿ.”

ಆಮೇಲಿಂದ ನಾನು ಪ್ರತಿ ಗಿರಾಕಿಗೂ ಒಂದೇ ಮಂತ್ರ ಹೇಳತೊಡಗಿದೆ: ಹೊರಡುವಾಗ ಹಿಡಿಯಿರಿ, ನಿಲ್ಲಿಸುವಾಗ ಹಿಡಿಯಿರಿ, ನಡುವೆ ಬಿಡಿ.

ಧರ್ಮಪುರದ ತಿಪ್ಪೇಸ್ವಾಮಿಗೂ ಇದನ್ನೇ ಹೇಳಿದ್ದೆ. ಅವನು ಕುರಿ ವ್ಯಾಪಾರಿ. ನಲವತ್ತರ ಆಸುಪಾಸು, ಗಟ್ಟಿ ಆಳು. ಸಂತೆಯಿಂದ ಸಂತೆಗೆ ಬೈಕಿನಲ್ಲೇ ಓಡಾಟ. ಲಾರಿಗೆ ಕುರಿ ಹತ್ತಿಸುವಾಗ ಒಂದು ಟಗರು ತಲೆ ಕೊಟ್ಟು, ಅವನ ಎಡಗೈ ಕೊಂಬಿಗೂ ಲಾರಿಯ ಹಲಗೆಗೂ ನಡುವೆ ಸಿಕ್ಕಿತ್ತು. ಮೂಳೆ ಕೂಡಿತು, ಆದರೆ ಎರಡು ಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳಿನಲ್ಲಿ ಕ್ಲಚ್ ಹಿಡಿಯಬಹುದು, ಆದರೆ ಮತ್ತೆ ಮತ್ತೆ ಹಿಡಿದರೆ ಮೊಣಕೈವರೆಗೂ ನೋವು. ಹಳೆಯ ಬೈಕಿನಲ್ಲಿ ಹಿರಿಯೂರು ತಲುಪುವುದರೊಳಗೆ ಕೈ ಕಲ್ಲಾಗುತ್ತಿತ್ತು. ಸ್ಕೂಟರ್ ತಗೋ ಎಂದವರಿಗೆ “ಅದು ನಮ್ಮ ರೋಡಿಗೆ ಆಡುಮರಿ, ತಗ್ಗಿಗೆ ಬಿದ್ರೆ ಕಾಣಂಗಿಲ್ಲ” ಎಂದಿದ್ದ.

ಕೈಯ ನೋವಿಗಿಂತ ದೊಡ್ಡ ನೋವು ಇನ್ನೊಂದಿತ್ತು. ಕೈ ಹೀಗಾದ ಮೇಲೆ ಅವನು ಭಾವಮೈದ ಮಂಜನ ಹಿಂದಿನ ಸೀಟಿನಲ್ಲಿ ಕೂತು ಸಂತೆಗೆ ಹೋಗಬೇಕಾಗಿತ್ತು. ಮಂಜ ಒಳ್ಳೆಯವನು, ಕುಡಿಯುವುದಿಲ್ಲ, ಎದುರು ಮಾತಾಡುವುದಿಲ್ಲ. ಆದರೆ ಅವನ ವೇಗ ಕುರಿಹಿಂಡಿನ ಹಿಂದೆ ಹೋಗುವವನದ್ದು. ತಿರುವು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಇಂಡಿಕೇಟರ್ ಹಾಕುತ್ತಾನೆ. “ಮೇಸ್ತ್ರಿ, ಮೊನ್ನೆ ನಮ್ಮನ್ನ ಟ್ರಾಕ್ಟರ್ ಓವರ್‌ಟೇಕ್ ಮಾಡ್ತು. ಅದರ ಮೇಲೆ ಕುಂತಿದ್ದ ಮುದುಕಿ ನನ್ನ ನೋಡಿ ಕೈ ಬೀಸಿದ್ಲು” ಎಂದು ತಿಪ್ಪೇಸ್ವಾಮಿ ಹೇಳಿದಾಗ ಅವನ ಮುಖ ನೋಡಿ ನಗುವ ಧೈರ್ಯ ನನಗಾಗಲಿಲ್ಲ. ಸಂತೆಯಲ್ಲಿ ಹಿಂದಿನ ಸೀಟಿನಿಂದ ಇಳಿಯುವವನ ಮಾತಿಗೆ ಬೆಲೆ ಕಡಿಮೆ ಎಂದು ಅವನ ವಾದ. ಇರಬಹುದು. ನಾನು ಕುರಿ ಕೊಂಡವನಲ್ಲ.

“ಕ್ಲಚ್ ಇಲ್ಲದ ಬೈಕ್ ಬಂದೈತಂತೆ?” ಎಂದು ಕೇಳಿಕೊಂಡು ಬಂದಿದ್ದ.

ಸೇಲ್ಸಿನ ಹುಡುಗ “ಹೌದು ಅಣ್ಣ, ಕ್ಲಚ್ಚೇ ಬೇಡ” ಎನ್ನುತ್ತಿದ್ದಂತೆ ನಾನು ನಡುವೆ ಬಾಯಿ ಹಾಕಿದೆ. “ಕ್ಲಚ್ ಐತೆ ತಿಪ್ಪೇಸ್ವಾಮಿ. ಹೊರಡೋವಾಗ ಹಿಡೀಬೇಕು, ನಿಲ್ಸೋವಾಗ ಹಿಡೀಬೇಕು. ನಡುವೆ ಬೇಕಿಲ್ಲ.”

ಅವನು ತನ್ನ ಎಡಗೈಯನ್ನು ನೋಡಿಕೊಂಡ. “ಅಂದ್ರೆ ಗುಡಿ ಬಾಗಿಲಲ್ಲಿ ಕೈ ಮುಗಿದಂಗೆ. ಹೋಗೋವಾಗ ಒಂದ್ಸಲ, ಬರೋವಾಗ ಒಂದ್ಸಲ.”

“ಸಿಗ್ನಲ್ಲಲ್ಲೂ ಹಿಡೀಬೇಕು.”

“ಧರ್ಮಪುರದಿಂದ ಹಿರಿಯೂರಿಗೆ ಎಲ್ಲೈತೆ ಸಿಗ್ನಲ್ಲು? ಅಡ್ಡ ಬಂದ್ರೆ ಕುರಿ ಬರ್ತವೆ. ಅವೂ ನಮ್ಮವೇ.”

ಕ್ಲಚ್ ಲಿವರನ್ನು ಅವನ ಬೆರಳಿಗೆ ಹತ್ತಿರ ಬರುವಂತೆ ಹೊಂದಿಸಿಕೊಟ್ಟೆವು. ಒಂದು ಸುತ್ತು ಹೋಗಿ ಬಂದ. ಹೆಲ್ಮೆಟ್ ತೆಗೆದಾಗ ಅವನ ಮುಖ ನೋಡಬೇಕಿತ್ತು. ತಪ್ಪಿಸಿಕೊಂಡ ಕುರಿ ತಾನಾಗಿ ದೊಡ್ಡಿಗೆ ಬಂದವನ ಮುಖ. ಬೈಕು ಧರ್ಮಪುರಕ್ಕೆ ಹೋಯಿತು. ಮಂಜ ತನ್ನ ಹಳೆಯ ಗಾಡಿಯಲ್ಲಿ ಒಬ್ಬನೇ ಇಂಡಿಕೇಟರ್ ಹಾಕಿಕೊಂಡು ಓಡಾಡತೊಡಗಿದ.

ಒಂದು ತಿಂಗಳು ಕಳೆದಿರಬೇಕು. ತಿಪ್ಪೇಸ್ವಾಮಿ ಬಂದ. “ಮೇಸ್ತ್ರಿ, ಬಿಕ್ಕಳಿಸ್ತೈತೆ.”

ಬಿಕ್ಕಳಿಕೆ ಎಂಬುದು ನನ್ನ ನಿಘಂಟಿನಲ್ಲಿ ಹೊಸ ಪದ. ಕೇಳಿ ತಿಳಿದುಕೊಂಡೆ. ನೇರ ಹೋಗುತ್ತಿರುವಾಗ, ಗೇರಿನ ತಂಟೆಗೇ ಹೋಗದಿದ್ದಾಗ, ರಸ್ತೆಯಲ್ಲಿ ಸಣ್ಣ ಉಬ್ಬು ಸಿಕ್ಕರೆ ಇಂಜಿನ್ ಒಂದು ಕ್ಷಣ ಉಸಿರು ಹಿಡಿದು ಬಿಡುತ್ತದೆ. ನಮ್ಮ ವರ್ಕ್‌ಶಾಪಿನ ಪದ್ಧತಿಯಂತೆ ಮೊದಲು ಬೈಕನ್ನು ಜೋರು ನೀರಿನಲ್ಲಿ ತೊಳೆದೆವು. ನೀರು ಮೊದಲು, ಪಾನಾ ಆಮೇಲೆ. ಬಳಿಕ ನಾಗರಾಜ ಓಡಿಸಿ ನೋಡಿದ. ಬಿಕ್ಕಳಿಕೆ ಇಲ್ಲ. ಸ್ಕ್ಯಾನರ್ ಹಾಕಿದೆವು. ದೋಷ ಇಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿ ಕಳಿಸಿದೆವು. ಬೈಕು ಚೆನ್ನಾಗಿ ಓಡಿತು.

ಮುಂದಿನ ತಿಂಗಳು ಮತ್ತೆ ಬಂದ. “ಬಿಕ್ಕಳಿಸ್ತೈತೆ.” ತೊಳೆದೆವು. ಇಲ್ಲ. ಈ ಸಲ ಬ್ಯಾಟರಿಯ ವೈರುಗಳನ್ನೆಲ್ಲ ಬಿಗಿ ಮಾಡಿದೆವು. ಚೆನ್ನಾಗಿ ಓಡಿತು. ಅದರ ಮುಂದಿನ ತಿಂಗಳೂ ಬಂದ. ಆಗ ನಾಗರಾಜ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದ: “ಸಾರ್, ಈ ಅಣ್ಣ ಯಾವಾಗ್ಲೂ ಅಮಾವಾಸ್ಯೆ ಆದ ಮರುವಾರವೇ ಬರ್ತಾರೆ.”

ನೋಡಿದರೆ ಹೌದು! ವಿವೇಕ್ ಕೂಡ ಅವತ್ತು ಬಂದಿದ್ದರು. ಚಂದ್ರನಿಗೂ ಕ್ವಿಕ್‌ಶಿಫ್ಟರಿಗೂ ಸಂಬಂಧ ಕಲ್ಪಿಸುವ ಅಧ್ಯಾಯ ಅವರ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಆದರೂ ಅವರು ತಲೆ ಓಡಿಸಿ ಒಂದು ಮಾತು ಕೇಳಿದರು: “ತಿಪ್ಪೇಸ್ವಾಮಿಯವರೇ, ನೀವು ಓಡಿಸುವಾಗ ಕಾಲನ್ನು ಗೇರ್ ಪೆಡಲ್ ಕೆಳಗೇ ಇಟ್ಟುಕೊಂಡಿರ್ತೀರಾ? ನೀವು ಹೇಳೋದು ಕೇಳಿದ್ರೆ, ಯಾರದೋ ಕಾಲು ಅದನ್ನ ಸದಾ ಎತ್ತಿ ಹಿಡಿದ ಹಾಗಿದೆ. ಉಬ್ಬಿನಲ್ಲಿ ಇನ್ನಷ್ಟು ಎತ್ತಿದರೆ ಕಂಪ್ಯೂಟರ್ ಗೇರ್ ಬದಲಾಗ್ತಿದೆ ಅಂದುಕೊಂಡು ಕಿಡಿ ನಿಲ್ಲಿಸುತ್ತೆ.”

ತಿಪ್ಪೇಸ್ವಾಮಿಗೆ ಸಿಟ್ಟು ಬಂತು. “ನನ್ನ ಕೈ ಊನ ಆಗೈತೆ ಸ್ವಾಮಿ, ಕಾಲು ನೆಟ್ಟಗೈತೆ.”

ವಿವೇಕ್ ಹೇಳಿದ್ದು ನೂರಕ್ಕೆ ನೂರು ಸರಿ ಎಂದು ಆಮೇಲೆ ತಿಳಿಯಿತು. ಕಾಲು ಇತ್ತು. ತಿಪ್ಪೇಸ್ವಾಮಿಯದಲ್ಲ, ಅಷ್ಟೆ. ಸೆನ್ಸರ್ ಬದಲಿಸೋಣವೆಂದರೆ ಸ್ಕ್ಯಾನರಿನಲ್ಲಿ ದೋಷ ಕಾಣದೆ ಕಂಪನಿ ಒಪ್ಪುವುದಿಲ್ಲ. ಬೈಕು ಮತ್ತೆ ತೊಳೆಸಿಕೊಂಡು ಹೋಯಿತು.

ನಾಲ್ಕನೇ ಸಲ ಬಂದಾಗ ತಮಾಷೆ ಮುಗಿದಿತ್ತು. ಬೈಕು ಓಡಿಸಿಕೊಂಡು ಬಂದವನು ಮಂಜ. ಹಿಂದೆ, ಆ ಸ್ಪೋರ್ಟ್ ಬೈಕಿನ ಅಂಗೈ ಅಗಲದ ಸೀಟಿನ ಮೇಲೆ, ಮುಖ ಕಪ್ಪಿಟ್ಟುಕೊಂಡು ತಿಪ್ಪೇಸ್ವಾಮಿ. ಸ್ವಲ್ಪ ಹೊತ್ತಿಗೆ ಬಸ್ಸಿಳಿದು ಅವನ ಹೆಂಡತಿ ಗಂಗಮ್ಮ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಬಾಯಲ್ಲಿ ಎಲೆಯಡಿಕೆ. ಕೂರಲು ಕುರ್ಚಿ ಹಾಕಿಸಿದೆ. ಕೂರಲಿಲ್ಲ.

“ಮೇಸ್ತ್ರಿ, ಮೊನ್ನೆ ಹೈವೇದಾಗೆ ಏನಾತು ಗೊತ್ತಾ? ಗಾಡಿ ಬಿಕ್ಕಳಿಸಿ ಗಕ್ಕನೆ ನಿಧಾನ ಆತಂತೆ. ಹಿಂದೆ ಲಾರಿ. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಇವತ್ತು ನಾನು ಕುಂಕುಮ ಇಟ್ಕಂಡಿದೀನಿ.”

“ಅಷ್ಟೇನಿಲ್ಲ, ಲಾರಿ ದೂರ ಇತ್ತು” ಎಂದ ತಿಪ್ಪೇಸ್ವಾಮಿ.

“ನೀವು ಸುಮ್ಕಿರ್ರಿ. ಹಾರ್ನ್ ಹೊಡೆದಿದ್ದು ಮಂಜನ ಗಾಡಿತಂಕ ಕೇಳ್ಸೈತೆ.” ನನ್ನ ಕಡೆ ತಿರುಗಿದಳು. “ಇವತ್ತು ಕಡೇ ಸಲ. ಇಲ್ಲಿಂದ ಹೋಗೋವಾಗ ಒಂದ್ಸಲ ಬಿಕ್ಕಳಿಸಿದ್ರೂ ಕೀ ನನ್ನ ತಮ್ಮನ ಕೈಗೆ. ಇವ್ರು ಹಿಂದೆ ಕುಂತ್ಕಳ್ಲಿ. ಜೀವ ಇದ್ರೆ ಎಲ್ಲಿ ಕುಂತ್ರೇನು?”

ಮಂಜ ಹೆಲ್ಮೆಟ್ಟಿನ ಗಾಜು ಒರೆಸುತ್ತ ನಿಂತಿದ್ದ. ತಿಪ್ಪೇಸ್ವಾಮಿ ನನ್ನ ಹತ್ತಿರ ಬಂದು, ಹೆಂಡತಿಗೆ ಕೇಳದಂತೆ ಹೇಳಿದ: “ಅವಳಿಗೆ ಮಾತು ಕೊಟ್ಬಿಟ್ಟಿದೀನಿ ಕಣಣ್ಣ. ಏನಾರ ಮಾಡು.” ಅಷ್ಟು ದಿನ ಮೇಸ್ತ್ರಿ ಎನ್ನುತ್ತಿದ್ದವನು ಅಣ್ಣ ಎಂದ. ಬೈಕು ರಿಪೇರಿಗೆ ಬಂದವರಲ್ಲಿ ಯಾರೂ ನನ್ನ ಮುಂದೆ ಹಾಗೆ ನಿಂತಿರಲಿಲ್ಲ.

ಅವತ್ತು ವರ್ಕ್‌ಶಾಪಿನಲ್ಲಿ ನೀರಿರಲಿಲ್ಲ. ಬೋರ್ ಮೋಟಾರು ಸುಟ್ಟಿತ್ತು, ಟ್ಯಾಂಕರ್ ಬಂದಿರಲಿಲ್ಲ. “ತೊಳೀದೆ ಹೆಂಗೆ ಸಾರ್ ಸ್ಟ್ಯಾಂಡಿಗೆ ಹಾಕೋದು?” ಎಂದು ನಾಗರಾಜ ಧರ್ಮಸಂಕಟ ತೋಡಿಕೊಂಡ. ಧೂಳಿನ ಸಮೇತ ನಾನೇ ಹತ್ತಿ ಹೊರಟೆ.

ಸರ್ವಿಸ್ ರಸ್ತೆಯ ಮೊದಲ ಹಂಪಿನಲ್ಲೇ ಬಿಕ್ಕಳಿಸಿತು! ಇಷ್ಟು ತಿಂಗಳಿನಲ್ಲಿ ನಮ್ಮ ಕೈಯಲ್ಲಿ ಅದು ಬಿಕ್ಕಳಿಸಿದ್ದು ಅದೇ ಮೊದಲು. ಹುಲಿ ಹೆಜ್ಜೆ ಸಿಕ್ಕಿದವನಂತೆ ನನಗೆ ಆನಂದವಾಯಿತು. ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ನೆಲಕ್ಕೆ ಕೂತು ಗೇರ್ ಪೆಡಲ್ಲನ್ನು ಬೆರಳಿನಿಂದ ಆಡಿಸಿದೆ. ಸಡಿಲವಾಗಿ ಆಡಬೇಕಾದದ್ದು ಬಿಗಿಯಾಗಿದೆ. ತಲೆ ಬಗ್ಗಿಸಿ ನೋಡಿದೆ. ಸೆನ್ಸರಿನ ಕಪ್ಪು ಸರಳಿಗೆ ಕಪ್ಪು ಉಣ್ಣೆಯ ದಾರ. ಸುತ್ತಿ ಸುತ್ತಿ, ಪಕ್ಕದ ಫುಟ್‌ರೆಸ್ಟಿನ ಕಬ್ಬಿಣಕ್ಕೂ ಸೇರಿಸಿ, ಏಳು ಜನ್ಮಕ್ಕೂ ಬಿಚ್ಚದಂಥ ಗಂಟು.

ವಾಪಸು ಬಂದು ನಾಗರಾಜನನ್ನು ಕರೆದು ತೋರಿಸಿದೆ. “ಇದನ್ನ ನೋಡಿದ್ಯೇನೋ?”

“ನೋಡಿದೀನಿ ಸಾರ್, ಪ್ರತಿ ಸಲ ನೋಡಿದೀನಿ. ದೃಷ್ಟಿ ದಾರ. ಮುಟ್ಬಾರ್ದು ಅಂತ ನೀವೇ ಹೇಳಿದೀರಲ್ಲ” ಎಂದ. ಮುಟ್ಟಿದ್ದಾನೋ ಎಂದು ನಾನು ಅನುಮಾನಿಸಿದೆನೇನೋ ಎಂಬಂತೆ ಅವನಿಗೆ ಬೇಸರವೂ ಆಯಿತು. ಶಿಸ್ತಿನ ಹುಡುಗ.

ಗಂಗಮ್ಮನನ್ನು ಕೇಳಿದೆ. ಹೌದು, ಕಟ್ಟಿದವಳು ಅವಳೇ. ಬೈಕು ಮನೆಗೆ ಬಂದ ಮೇಲೆ ಊರಿಗೆ ಊರೇ ನೋಡಲು ಬಂತಂತೆ. ಮಕ್ಕಳ ಕಾಲಿಗೆ ಕಟ್ಟುವ ಹಾಗೆ ಬೈಕಿನ ಎಡಗಾಲಿಗೆ ಕಟ್ಟಿದಳು. ತಮ್ಮದೇ ಕರಿ ಕುರಿಯ ಉಣ್ಣೆ, ತನ್ನ ಕೈಯಾರೆ ಹೊಸೆದದ್ದು, ಪ್ರತಿ ಅಮಾವಾಸ್ಯೆಗೆ ಹೊಸದು. ಅಲ್ಲಿಗೆ ಚಂದ್ರನ ಪಾತ್ರವೂ ಸ್ಪಷ್ಟವಾಯಿತು. ಹೊಸ ದಾರ ಬಿಗಿದು ಸರಳನ್ನು ಎಳೆಯುತ್ತದೆ, ಕಂಪ್ಯೂಟರ್ ಅದನ್ನು ಕಾಲು ಎಂದುಕೊಳ್ಳುತ್ತದೆ, ಬಿಕ್ಕಳಿಕೆ. ನಾವು ಜೋರು ನೀರು ಹೊಡೆದ ಕೂಡಲೇ ನೆನೆದ ಉಣ್ಣೆ ಹಿಗ್ಗಿ ಸಡಿಲವಾಗುತ್ತದೆ, ಆರೋಗ್ಯ. ಹೀಗೆ ಅವಳು ಕಟ್ಟುತ್ತ, ನಾವು ತೊಳೆಯುತ್ತ, ನಡುವೆ ಸ್ಪಾರ್ಕ್ ಪ್ಲಗ್ಗಿಗೆ ಶ್ರೇಯಸ್ಸು ಸಲ್ಲುತ್ತ ನಾಲ್ಕು ಅಮಾವಾಸ್ಯೆ ಕಳೆದಿದ್ದವು.

“ಬಿಚ್ಚಿಬಿಡವ್ವ, ಎಲ್ಲಾ ಸರಿ ಹೋಗ್ತದೆ” ಎಂದೆ.

ಗಂಗಮ್ಮ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. “ಲಾರಿ ಬ್ರೇಕ್ ಹಾಕಿದ್ದು ಯಾತರಿಂದ ಅಂದ್ಕಂಡ್ರಿ?”

“ಆ ಲಾರಿ ಹತ್ರ ಬಂದಿದ್ದೇ ನಿನ್ನ ದಾರದಿಂದ ಕಣೇ!” ಎಂದು ತಿಪ್ಪೇಸ್ವಾಮಿ ಕೂಗಿದ.

“ಟಗರು ಗುದ್ದಿದಾಗ ದಾರ ಇತ್ತಾ? ಇರ್ಲಿಲ್ಲ. ಏನಾತು ಕೈ?”

ತಿಪ್ಪೇಸ್ವಾಮಿ ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಇದು ಕಂಪನಿಯ ತರಬೇತಿಯಲ್ಲಿ ಇರುವ ಸಮಸ್ಯೆಯಲ್ಲ. ಅವಳ ಭಯ ಸುಳ್ಳಲ್ಲ, ಅವನ ಆಸೆಯೂ ಸುಳ್ಳಲ್ಲ. ಕತ್ತರಿ ಹಾಕಿದರೆ ಬೈಕು ಸರಿಹೋಗುತ್ತದೆ, ಆದರೆ ಅವಳು ಅದರ ಮೇಲೆ ಗಂಡನನ್ನು ಕೂರಿಸುವುದಿಲ್ಲ. ದಾರ ಉಳಿದರೆ ಕೀಲಿ ಮಂಜನಿಗೆ. ನಾನು ಬೈಕಿನ ಪ್ರತಿನಿಧಿಯಾಗಿ ಮಾತುಕತೆಗೆ ಇಳಿದೆ.

“ಬಿಚ್ಚೋದು ಬೇಡ. ಬೇರೆ ಕಡೆ ಕಟ್ಟಬಹುದಾ?”

ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಯೋಚಿಸಿದಳು. “ಕಟ್ಬಹುದು. ಮೊದ್ಲು ಹೊಸದು ಕಟ್ಬೇಕು, ಆಮೇಲೆ ಹಳೇದು ಬಿಚ್ಬೇಕು. ನಡುವೆ ಖಾಲಿ ಇರಬಾರ್ದು. ಆದ್ರೆ ಎಡಗಾಲಿಗೇ ಕಟ್ಬೇಕು.”

“ಅವ್ವ, ನೀನು ಕಟ್ಟಿರೋದು ಕಾಲಿಗಲ್ಲ. ಅದು ಬೈಕಿನ ಕಿವಿ. ಓಡಿಸೋನ ಕಾಲು ಏನು ಹೇಳ್ತದೆ ಅಂತ ಕೇಳಿಸ್ಕೊಳ್ಳೋ ಜಾಗ. ನಿನ್ನ ಕಿವಿಗೆ ಯಾರಾದ್ರೂ ದಾರ ಹಾಕಿ ಜಗ್ತಾ ಇದ್ರೆ?”

ಗಂಗಮ್ಮ ಬಗ್ಗಿ ನೋಡಿದಳು. ನಗು ಬಂತು ಅವಳಿಗೆ. “ಥೂ, ಕಿವಿಗೆ ಕಟ್ಟಿದ್ನಾ? ಹಂಗಾರೆ ಕಾಲು ಯಾವುದು?”

“ನಿಂತ್ಕಳೋದು ಸೈಡ್ ಸ್ಟ್ಯಾಂಡ್ ಮೇಲೆ, ಅಕ್ಕ. ಅದೇ ಕಾಲು” ಎಂದ ಮಂಜ. ಅವತ್ತು ಅವನು ಆಡಿದ ಮೊದಲ ಮಾತು. ಬುದ್ಧಿವಂತಿಕೆಯ ಮಾತೇ. ನಾನು ಹೂಂ ಎನ್ನಬೇಕೆಂದು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡೆ. ಸೈಡ್ ಸ್ಟ್ಯಾಂಡಿಗೂ ಒಂದು ಸ್ವಿಚ್ಚಿದೆ. ಸ್ಟ್ಯಾಂಡು ಪೂರ್ತಿ ಮಡಚದಿದ್ದರೆ ಗೇರಿಗೆ ಹಾಕಿದ ಕೂಡಲೇ ಇಂಜಿನ್ ಆಫ್. ಮುಂದಿನ ಚಕ್ರ? ಅಲ್ಲಿ ಎಬಿಎಸ್ ಸೆನ್ಸರ್. ಹಿಂದಿನ ಚಕ್ರ? ಅಲ್ಲೂ ಒಂದು. ಬ್ರೇಕ್ ಲಿವರ್? ಅದಕ್ಕೊಂದು ಸ್ವಿಚ್. ನಮ್ಮ ಕಾಲದ ಗಾಡಿಗೆ ಎಲ್ಲಿ ಬೇಕಾದರೂ ದಾರ ಕಟ್ಟಬಹುದಿತ್ತು. ಈಗಿನದಕ್ಕೆ ಮೈಯೆಲ್ಲ ಕಚಗುಳಿ. ಹೊಸ ತಂತ್ರಜ್ಞಾನದ ಬಗ್ಗೆ ನನ್ನ ದೂರು ಇದೊಂದೇ.

ನಾವು ಐದಾರು ಜನ ಬೈಕಿನ ಸುತ್ತ ಕುಕ್ಕರಗಾಲಲ್ಲಿ ಕೂತು, ಅದರ ಎಡಗಾಲನ್ನು ಹುಡುಕುತ್ತಿದ್ದ ದೃಶ್ಯವನ್ನು ಮ್ಯಾನೇಜರ್ ಗಾಜಿನ ಕೋಣೆಯಿಂದ ನೋಡಿ, ಏನೋ ಕೇಳಲು ಎದ್ದವರು ಮತ್ತೆ ಕೂತರು. ಅವರು ಅನುಭವಸ್ಥರು.

ಕೊನೆಗೆ ಗಂಗಮ್ಮನೇ ಹಿಂದಿನ ಸೀಟಿನ ಎಡಗಡೆಯ ಫುಟ್‌ರೆಸ್ಟ್ ಮುಟ್ಟಿ ಕೇಳಿದಳು: “ಇದರಾಗೆ ಏನಾರ ಐತಾ? ಸೆನ್ಸರು ಗಿನ್ಸರು?”

“ಏನೂ ಇಲ್ಲವ್ವ. ಬರೀ ಕಾಲಿಡೋ ಜಾಗ.”

“ಯಾರ ಕಾಲು?”

“ಹಿಂದೆ ಕುಂತವರದ್ದು.”

“ಅಂದ್ರೆ ನಂದು” ಎಂದಳು. ಆ ಬೈಕನ್ನು ಅವಳು ಅಲ್ಲಿಯವರೆಗೆ ಹತ್ತಿರಲಿಲ್ಲ. ಸೀಟು ನೋಡಿ “ಒಂಟೆ ಮೇಲೆ ಕುಂತಂಗೆ” ಎಂದು ಬಸ್ಸಿಗೇ ಓಡಾಡುತ್ತಿದ್ದಳು. ಸೆರಗಿನ ಗಂಟಿನಿಂದ ಕರಿ ಉಣ್ಣೆಯ ಎಳೆ ತೆಗೆದು, ಚಪ್ಪಲಿ ಬಿಟ್ಟು, ಆ ಫುಟ್‌ರೆಸ್ಟಿಗೆ ಕಟ್ಟಿದಳು. ಬಾಯಲ್ಲಿ ಏನೋ ಅಂದುಕೊಂಡಳು. ನಾಗರಾಜ ಕೈ ಮುಗಿದ. ಆಮೇಲೆ ಸರಳಿನ ಹಳೆಯ ಗಂಟನ್ನು ತಾನೇ ಬಿಚ್ಚತೊಡಗಿದಳು. ಗಂಟು ಬರಲಿಲ್ಲ. ಪಾನಾ, ಸ್ಕ್ರೂಡ್ರೈವರು, ಇಕ್ಕಳ ಎಲ್ಲ ಸುತ್ತಲೂ ಇದ್ದವು, ಯಾರೂ ಕೊಡಲಿಲ್ಲ. ಕಡೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಪೆಡಲ್ಲು ‘ಟಕ್’ ಎಂದು ತನ್ನ ಜಾಗಕ್ಕೆ ಬಂದು ಕೂತಿತು. ಆ ಸಣ್ಣ ಸದ್ದು ನಮಗೆಲ್ಲ ಕೇಳಿಸಿತು.

“ಈಗ ನೋಡಾಣ” ಎಂದು ತಿಪ್ಪೇಸ್ವಾಮಿ ಹೆಲ್ಮೆಟ್ ಎತ್ತಿಕೊಂಡ.

“ನಾನೂ ಬರ್ತೀನಿ. ಬಿಕ್ಕಳಿಸ್ತೋ ಇಲ್ವೋ ನೀವು ಹೇಳೋದು ಬೇಡ, ನಾನೇ ಕುಂತು ನೋಡ್ತೀನಿ.”

“ಒಂಟೆ ಅಂದಿದ್ದೆ?”

“ಸುಮ್ನೆ ಹತ್ತಿಸ್ಕಳ್ರಿ.”

ನಾಗರಾಜನ ಹೆಲ್ಮೆಟ್ಟನ್ನು ಅವಳ ತಲೆಗೆ ಹಾಕಿದೆವು. ಚೀಲವನ್ನು ಮಂಜನ ಕೈಗೆ ಕೊಟ್ಟು, ಕುರ್ಚಿಯ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಗಂಡನ ಭುಜ ಹಿಡಿದು ಏರಿ ಕೂತಳು. ಎರಡೂ ಪಾದ ದಾರದ ಪಕ್ಕದಲ್ಲಿ ಒಂದರ ಮೇಲೊಂದು. ತಿಪ್ಪೇಸ್ವಾಮಿ ಉಳಿದ ಬೆರಳುಗಳಲ್ಲಿ ಕ್ಲಚ್ ಹಿಡಿದು, ಮೊದಲ ಗೇರಿಗೆ ಹಾಕಿ, ಬಿಟ್ಟ. ಆಮೇಲೆ ಆ ಕೈ ಸುಮ್ಮನೆ ಹ್ಯಾಂಡಲ್ಲಿನ ಮೇಲೆ ಕೂತಿತು.

ಸರ್ವಿಸ್ ರಸ್ತೆಯಲ್ಲಿ ಹಂಪುಗಳ ಮೇಲೆ ಹೋಗಿ, ಮೇಲುಸೇತುವೆಯ ಕೆಳಗೆ ತಿರುಗಿ, ಹೈವೇ ಹತ್ತಿ ಬರಲು ಹೇಳಿದ್ದೆ. ನಾವು ಗೇಟಿನಲ್ಲಿ ನಿಂತೆವು. ಎರಡು, ಮೂರು, ನಾಲ್ಕು ಎಂದು ಗೇರು ಏರುವ ಸದ್ದು ದೂರವಾಗಿ ಲಾರಿಗಳ ಸದ್ದಿನಲ್ಲಿ ಕರಗಿತು. ತುಂಬ ಹೊತ್ತಾಯಿತು. ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾಗರಾಜ ಎರಡು ಸಲ ರಸ್ತೆಗೆ ಹೋಗಿ ನೋಡಿ ಬಂದ. ನಾನು ಮುಖದ ಮೇಲೆ ಸೂಪರ್‌ವೈಸರಿನ ಕಳೆ ಇಟ್ಟುಕೊಂಡು ನಿಂತಿದ್ದೆ. ಒಳಗೆ ಇದ್ದದ್ದು ಬೇರೆ.

ಬಂದರು. ಗೇಟಿನ ಹತ್ತಿರ ತಿಪ್ಪೇಸ್ವಾಮಿ ಕ್ಲಚ್ ಹಿಡಿದು ನಿಲ್ಲಿಸಿದ. ಬಿಕ್ಕಳಿಸಿತೋ ಇಲ್ಲವೋ ಹೇಳುವ ಅಧಿಕಾರ ಅವನದಾಗಿರಲಿಲ್ಲ. ನಾವೆಲ್ಲ ಗಂಗಮ್ಮನ ಕಡೆ ನೋಡಿದೆವು. ಗಾಳಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾಗರಾಜ ಕುರ್ಚಿ ತಂದು ಕೆಳಗಿಟ್ಟ. ಅವಳು ಇಳಿಯಲಿಲ್ಲ.

“ಹಿರಿಯೂರುತಂಕ ನೋಡಾಣ, ಅಲ್ಲೀತಂಕ ಬಿಕ್ಕಳಿಸದಿದ್ರೆ ಸೈ” ಎಂದಳು. ಆಮೇಲೆ ಹೆಲ್ಮೆಟ್ಟಿನೊಳಗಿಂದಲೇ ತಮ್ಮನನ್ನು ಕೂಗಿದಳು: “ಲೇ ಮಂಜ, ಚೀಲ ಹುಷಾರು. ಅದರಾಗೆ ಚಕ್ಕುಲಿ ಅವೆ, ಒತ್ತಿಗಿತ್ತೀಯ.”

ಬೈಕು ಹೋಯಿತು. ತಿರುವಿಗೆ ತಕ್ಕಷ್ಟೇ ಮುಂಚೆ ಇಂಡಿಕೇಟರ್ ಹಾಕಿ ಹೋಯಿತು. ಮಂಜ ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಚೀಲ ಹಿಡಿದು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದ. ಬಳಿಕ ನನ್ನ ಕಡೆ ತಿರುಗಿ, ಬಹಳ ವಿನಯದಿಂದ ಕೇಳಿದ:

“ಸಾರ್, ಹಿರಿಯೂರು ಬಸ್ಸು ಎಲ್ಲಿ ನಿಲ್ತದೆ?”